ನಲವತ್ತೊಂದನೇ ಸಾಲು

ಅಣ್ಣ ಏನು ಹೇಳಿದರೂ ನನಗೆ ಎರಡು ಸಲ ಕೇಳಿಸುತ್ತಿತ್ತು. ಮೊದಲು ಗೋಡೆಯಿಂದ, ಅರೆಕ್ಷಣ ಬಿಟ್ಟು, ನಾವಿಬ್ಬರೂ ಆಡುತ್ತಿದ್ದ ಕಂಪ್ಯೂಟರ್ ಆಟದ ಹೆಡ್‌ಸೆಟ್‌ನಿಂದ. ತೆಲುಗು ಸೀಮೆಯ ಬಾಲಾನಗರದ ಆ ಮನೆಯಲ್ಲಿ ನಮಗಿದ್ದದ್ದು ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಹಳೆಯ ಭಾಗಗಳನ್ನು ಜೋಡಿಸಿ ಮಾಡಿದ ಕಂಪ್ಯೂಟರಿನ ಮುಂದೆ ಅವನು, ಹಿಂದಿನ ಕೋಣೆಯಲ್ಲಿ ಅಡುಗೆ ಕಟ್ಟೆಗೆ ಒತ್ತಿಕೊಂಡು ಲ್ಯಾಪ್‌ಟಾಪಿನ ಮುಂದೆ ನಾನು. ನಡುವೆ ನಾಲ್ಕಿಂಚಿನ ಗೋಡೆ. "ಎಡಕ್ಕ, ಎಡಕ್ಕ!" ಎಂದು ಅವನು ಕೂಗಿದರೆ ಗೋಡೆಯ ಮಾತು ಬಂದು ಮುಟ್ಟಿದ ಮೇಲೆ ಹೆಡ್‌ಸೆಟ್ಟಿನ ಮಾತು ಬರುತ್ತಿತ್ತು. ಗೋಡೆಯ ಮಾತಿಗೆ ನಾನು ಉತ್ತರ ಕೊಡುತ್ತಿರಲಿಲ್ಲ. ಹೆಡ್‌ಸೆಟ್ಟಿನದಕ್ಕೆ ಮಾತ್ರ ಕೊಡುತ್ತಿದ್ದೆ. ಹಾಗೆ ಮಾಡೋಣವೆಂದು ನಾವಿಬ್ಬರೂ ಕೂತು ಮಾತಾಡಿಕೊಂಡಿರಲಿಲ್ಲ. ಕೂತು ಮಾತಾಡುವುದೇ ನಿಂತುಹೋಗಿತ್ತು.

ನಿಂತದ್ದು ಜನವರಿ ಏಳರಂದು, ಭಾನುವಾರ. ಅಣ್ಣ ತನ್ನ ವರ್ಕ್‌ಶಾಪಿನ ಸೂಪರ್‌ವೈಸರನ್ನೂ ಆತನ ಅಕ್ಕನ ಮಗನನ್ನೂ ಚಹಾಕ್ಕೆ ಕರೆದಿದ್ದ. ಅವರು ಬಂದದ್ದು ಚಹಾಕ್ಕಲ್ಲ, ನನ್ನನ್ನು ನೋಡಲಿಕ್ಕೆ ಎಂದು ಗೊತ್ತಾದದ್ದು ಆ ಸೂಪರ್‌ವೈಸರ್ ನನ್ನ ನಕ್ಷತ್ರ ಯಾವುದೆಂದು ಕೇಳಿದಾಗ. ನಾನು ತಟ್ಟೆಯನ್ನು ಕೆಳಗಿಟ್ಟು, "ನನಗ ಒಪ್ಪಿಗಿ ಇಲ್ರಿ. ನಮ್ಮಣ್ಣ ನನ್ನ ಕೇಳದ ನಿಮ್ಮನ್ನ ಕರಸ್ಯಾನ್ರಿ," ಅಂದೆ. ಅವರು ಬಿಸ್ಕತ್ತನ್ನು ಮುಟ್ಟದೆ ಎದ್ದುಹೋದರು. ಬಾಗಿಲು ಹಾಕಿ ಬಂದ ಅಣ್ಣ ಹೇಳಿದ್ದು ಒಂದೇ ಮಾತು: "ಇವತ್ತಿನಿಂದ ನಿನ್ನ ಬಾಯಿ ಬ್ಯಾರೆ, ನನ್ನ ಬಾಯಿ ಬ್ಯಾರೆ."

ಸಿಟ್ಟು ಬಂದರೆ ಕೂಗಾಡಿ ಮುಗಿಸುವವರು ಒಂದು ಬಗೆ, ಮಾತು ಬಿಡುವವರು ಇನ್ನೊಂದು ಬಗೆ. ಅಣ್ಣ ಎರಡನೆಯ ಬಗೆ. ಬೀದರಿನಲ್ಲಿದ್ದಾಗ ಸೈಕಲ್ಲಿನ ವಿಷಯಕ್ಕೆ ಅಪ್ಪನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ. ಅಪ್ಪ ತೀರಿಕೊಂಡಾಗಲೂ ಅದು ಪೂರ್ತಿ ಸರಿಹೋಗಿರಲಿಲ್ಲ. ಹಾಗಾಗಿ ಅವನು ಬಾಯಿ ಬೇರೆ ಅಂದಾಗ ಅದು ಒಂದು ವಾರದ ಮಾತಲ್ಲ ಎಂದು ನನಗೆ ಗೊತ್ತಿತ್ತು. ಮರುದಿನದಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯತೊಡಗಿದ. "ಗ್ಯಾಸ್ ಮುಗೀತು." "ನಾಳೆ ನಳ ನಮ್ದು." ಹೆಸರು ಹಿಡಿದು ಬರೆಯುತ್ತಿರಲಿಲ್ಲ. ಕ್ಯಾಲೆಂಡರಿಗೇ ಹೇಳುತ್ತಿದ್ದಾನೆ ಎಂಬಂತೆ ಬರೆಯುತ್ತಿದ್ದ. ನಾನೂ ಅದರ ಕೆಳಗೆ "ಹೂಂ" ಎಂದು ಬರೆಯುತ್ತಿದ್ದೆ.

ಆಟ ಅದಕ್ಕೂ ಮೊದಲೇ ಶುರುವಾಗಿತ್ತು. ಹಾಳು ಬಿದ್ದ ದೊಡ್ಡ ಬಂದರು ಪಟ್ಟಣ, ಅದರ ಸುತ್ತ ಮೈಲಿಗಟ್ಟಲೆ ಬಯಲು, ಎಲ್ಲಿ ಬೇಕಾದರೂ ತಿರುಗಬಹುದು. ತಿರುಗಿ ಮಾಡುವುದು ಒಂದೇ ಕೆಲಸ. ಎದುರಿಗೆ ಬಂದದ್ದಕ್ಕೆ ಗುಂಡು ಹೊಡೆಯುವುದು, ಅದು ಬಿದ್ದ ಮೇಲೆ ಅದರ ಜೇಬಿನಿಂದಲೋ ಹೊಟ್ಟೆಯಿಂದಲೋ ಉದುರಿದ್ದನ್ನು ಆರಿಸಿಕೊಳ್ಳುವುದು. ಕೈಗವಸು, ಬೂಟು, ಹೆಲ್ಮೆಟ್ಟು, ಬಂದೂಕು. ನೂರಕ್ಕೆ ತೊಂಬತ್ತೈದು ಕೆಲಸಕ್ಕೆ ಬಾರದ ಸಾಮಾನು. ಅವನ್ನು ಒಡೆದರೆ ಕಬ್ಬಿಣದ ತುಂಡು ಸಿಗುತ್ತವೆ, ಆ ತುಂಡಿನಿಂದ ಬೂಟನ್ನು ತುಸು ಗಟ್ಟಿ ಮಾಡಿಕೊಂಡು ಮತ್ತೆ ಹೋಗಿ ಇನ್ನಷ್ಟು ಕೆಲಸಕ್ಕೆ ಬಾರದ ಬೂಟು ತರಬೇಕು. ನಮ್ಮ ಗಲ್ಲಿಯ ಕೊನೆಗಿದ್ದ ಗುಜರಿ ಅಂಗಡಿಯವನು ಇದನ್ನೇ ಜೀವನ ಪೂರ್ತಿ ಮಾಡುತ್ತಿದ್ದಾನೆ, ಅವನಿಗೆ ಬಂದೂಕು ಬೇಕಾಗಿಲ್ಲ. ಇಂಥ ಆಟವನ್ನು ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮನುಷ್ಯನ ಆಸೆ ಎಲ್ಲಿಂದ ಎಲ್ಲಿಗೆ ಎಳೆಯುತ್ತದೆ ಎಂದು ಅಳತೆಪಟ್ಟಿ ಹಿಡಿದು ನೋಡಿಕೊಂಡು ಮಾಡಿದ ಆಟ ಅದು.

ಆ ಬಂದರಿನಲ್ಲಿ ಒಂದು ದೊಡ್ಡ ಪ್ರಾಣಿ ಇತ್ತು. ಪ್ರಾಣಿ ಎನ್ನಬೇಕೋ ಯಂತ್ರ ಎನ್ನಬೇಕೋ, ತುಕ್ಕು ಹಿಡಿದ ಕ್ರೇನಿಗೆ ನಾಲ್ಕು ಕಾಲು ಬಂದಂತಿತ್ತು. ತಲೆ ತಗ್ಗಿಸಿ ಹಾಯುತ್ತಿತ್ತು. ಅಣ್ಣ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟ. ಮೂವರು ಸೇರದೆ ಎಮ್ಮೆ ಇರುವ ಆವರಣದ ಬಾಗಿಲು ತೆಗೆಯುವುದಿಲ್ಲ, ದಿನಕ್ಕೆ ಒಂದೇ ಸಲ ತೆಗೆಯುತ್ತದೆ. ಎಂದೋ ಒಂದು ದಿನ ಅದು ಬಂಗಾರ ಬಣ್ಣದ ರೈಫಲ್ ಉದುರಿಸುತ್ತದಂತೆ. ಒಂದೇ ಒಂದು. ಮೊದಲು ಮುಟ್ಟಿದವರಿಗೆ.

ನಮ್ಮ ಮೂರನೆಯವನು ಮಹಡಿಯವನು. ಉಡುಪಿ ಕಡೆಯವನು, ಯಾವುದೋ ಸಾಫ್ಟ್‌ವೇರ್ ಕಂಪನಿ. ದಿನವೂ ಮೆಟ್ರೋ ಹಿಡಿದು ಹೋಗಿ ಬರುತ್ತಿದ್ದ. ಮನೆಯಲ್ಲಿ ಕನ್ನಡ ಕೇಳಿಸಿತೆಂದು ತಾನಾಗಿಯೇ ಕೆಳಗಿಳಿದು ಪರಿಚಯ ಮಾಡಿಕೊಂಡವನು. ನನಗೆ ಅವನು ಮೊದಲ ದಿನದಿಂದಲೂ ಸೇರಲಿಲ್ಲ. ಮೈಕ್ ಮುಚ್ಚದೆ ಹಪ್ಪಳ ತಿನ್ನುತ್ತಿದ್ದ. ನನಗೆ ಗುಂಡು ಬಿದ್ದರೆ, "ಎಂತ ಮಾರಾಯ್ರೆ, ನಿಂತುಕೊಂಡು ಗುಂಡು ತಿನ್ನುವುದಾ? ಓಡ್ಲಿಕ್ಕೆ ಕಾಲು ಉಂಟಲ್ಲ?" ಎನ್ನುತ್ತಿದ್ದ. ಅಣ್ಣನ ಮಾತನ್ನು ಅಣಕಿಸಿ, "ಭಾಳ ಚಲೋ ಆತ್ರೀ" ಎಂದು ನಗುತ್ತಿದ್ದ. ಅಣ್ಣ ಅವನನ್ನು ಸಾಹೇಬ್ರ ಎಂದು ಕರೆಯುತ್ತಿದ್ದ. ಅದರಲ್ಲಿ ಎಷ್ಟು ಮರ್ಯಾದೆ, ಎಷ್ಟು ಚೇಷ್ಟೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬಾರದೆಂದೇ ಅಣ್ಣ ಹಾಗೆ ಕರೆಯುತ್ತಿದ್ದ.

ಮಾತು ಬಿಟ್ಟ ಒಂಬತ್ತನೇ ದಿನ, ಜನವರಿ ಹದಿನಾರು, ಸಂಜೆ ಆರೂವರೆಗೆ ಮಹಡಿಯವನು ಇಬ್ಬರನ್ನೂ ಆಟಕ್ಕೆ ಕರೆದ. ಅವನಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ನಾನು ಹೋದೆ. ಅಣ್ಣನೂ ಬಂದ. ಹತ್ತು ನಿಮಿಷ ಬರೀ ಗುಂಡು ಹೊಡೆದೆವು. ಆಮೇಲೆ ಎಮ್ಮೆ ಅಣ್ಣನನ್ನು ಗೋಡೆಗೆ ಒತ್ತಿತು. ಗೋಡೆಯಿಂದಲೂ ಹೆಡ್‌ಸೆಟ್ಟಿನಿಂದಲೂ ಅವನ ದನಿ ಬಂತು: "ಏ, ಮದ್ದಿನ ಪೆಟ್ಟಿಗಿ ಒಗಿ ಇಲ್ಲೆ!" ನಾನು ಎಸೆದೆ. ಅವನು ಎದ್ದ. ಆ ದಿನ ನಾನು ದಿನಾ ಬರೆಯುವ ಡೈರಿಯ ಹಿಂದಿನ ಪುಟದಲ್ಲಿ ಬರೆದೆ: "ಜ. ೧೬. ಅಣ್ಣ ನನಗೆ ಆಡಿದ ಮಾತು: ಐದು." ಮರುದಿನ ಎಂಟು. ಫೆಬ್ರುವರಿ ಆರನೇ ತಾರೀಖು ಮೂವತ್ತೊಂದು, ಅದರಲ್ಲಿ ಹನ್ನೊಂದು ಬೈಗುಳ. ಬೈಗುಳವನ್ನೂ ಲೆಕ್ಕಕ್ಕೆ ಹಿಡಿದೆ. ಮನೆಯಲ್ಲಿ ಎದುರಿಗೆ ಬಂದರೆ ಅವನು ಅದೇ ಮುಖ ತಿರುಗಿಸುತ್ತಿದ್ದ. ಎಮ್ಮೆಯ ಎದುರು ಮಾತ್ರ ನನಗೊಬ್ಬ ಅಣ್ಣನಿದ್ದ. ಆ ಒಂದು ಗಂಟೆ ಹೋದರೆ ಏನೂ ಉಳಿಯುವುದಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು.

ಆಟಕ್ಕೆ ಪುಸ್ತಕ ಇಟ್ಟವಳು ನಾನು. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಅಲ್ಲಿ ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂದು ಲೆಕ್ಕ. ಕಣ್ಣಾರೆ ಕಂಡದ್ದನ್ನು ಕಂಡ ಹೊತ್ತಿಗೇ ಬರೆಯಬೇಕು. ತಪ್ಪಾದರೆ ಬಿಳಿ ಬಣ್ಣ ಬಳಿಯುವಂತಿಲ್ಲ, ಮೇಲೆ ತಿದ್ದುವಂತಿಲ್ಲ. ಒಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರುವಂತೆ, ಪಕ್ಕದಲ್ಲಿ ಸಹಿ, ತಾರೀಖು, ಕಾರಣ. ಹಿಂದಿನ ವರ್ಷ ನನ್ನ ಪಕ್ಕದ ಮೇಜಿನ ಹಿರಿಯಕ್ಕ ಒಬ್ಬರು ಫ್ರಿಜ್ಜಿನ ತಾಪಮಾನವನ್ನು ಬೆಳಿಗ್ಗೆಯೇ ಸಂಜೆಯವರೆಗೆ ತುಂಬಿಟ್ಟಿದ್ದರು. ದಿನವೂ ಅದೇ ನಾಲ್ಕು ಡಿಗ್ರಿ ಇರುವಾಗ ನಾಲ್ಕು ಸಲ ಎದ್ದು ಹೋಗಿ ನೋಡುವುದೇಕೆ ಎಂಬುದು ಅವರ ವಾದ. ನಾನು ಮೇಲಿನವರಿಗೆ ಹೇಳಿದೆ. ಅವರನ್ನು ಪ್ಯಾಕಿಂಗಿಗೆ ಹಾಕಿದರು. ಕ್ಯಾಂಟೀನಿನಲ್ಲಿ ಅವರು ನನ್ನ ಮೇಜಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನನಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ.

ಆಟದ ಪುಸ್ತಕ ಇನ್ನೂರು ಪುಟದ್ದು. ಪುಟಕ್ಕೆ ಇಪ್ಪತ್ತು ಸಾಲು. ಸಂಖ್ಯೆ, ತಾರೀಖು, ಹಾಜರು, ಸರದಿ ಯಾರದು, ಏನು ಬಿತ್ತು. ಜಗಳ ಬೇಡವೆಂದು ಮೂವರೂ ಒಪ್ಪಿದ ನಿಯಮ: ಎಮ್ಮೆ ಬಿದ್ದ ಪ್ರತಿ ಸಲಕ್ಕೂ ಒಬ್ಬರ ಸರದಿ. ಮೊದಲು ಅಣ್ಣ, ಆಮೇಲೆ ಮಹಡಿಯವನು, ಆಮೇಲೆ ನಾನು. ಬಂಗಾರದ್ದು ಯಾರ ಸರದಿಯಲ್ಲಿ ಬಿದ್ದರೆ ಅವರದು. ನಾವು ಮೂವರೇ ಸೇರಿ ಹೊಡೆದದ್ದು ಮಾತ್ರ ಲೆಕ್ಕಕ್ಕೆ. ಬೇರೆಯವರ ಜೊತೆ ಹೊಡೆದದ್ದು ಪುಸ್ತಕಕ್ಕೆ ಬರುವುದಿಲ್ಲ.

ಸರದಿ ಎಂಬುದು ನಮಗೆ ಹೊಸದಾಗಿರಲಿಲ್ಲ. ನಮ್ಮ ಕಟ್ಟಡದಲ್ಲಿ ನಳದ ನೀರು ಬರುವುದು ದಿನ ಬಿಟ್ಟು ದಿನ, ಬೆಳಿಗ್ಗೆ ಒಂದು ಗಂಟೆ. ಯಾರು ಮೊದಲು ಪೈಪು ಹಾಕಬೇಕು ಎಂಬ ಚೀಟಿಯನ್ನು ಮಾಲಕಿ ಮೆಟ್ಟಿಲ ಕೆಳಗೆ ಅಂಟಿಸಿದ್ದಳು. ಅಲ್ಲಿನ ಕಟ್ಟಳೆ ಎಲ್ಲರಿಗೂ ಬಾಯಿಪಾಠ. ನೀರು ಬಂದಾಗ ಊರಲ್ಲಿ ಇಲ್ಲದವರ ಸರದಿ ಹೋಯಿತು. ಬಂದ ಮೇಲೆ ಕೇಳುವಂತಿಲ್ಲ.

ಮಾರ್ಚ್ ಎಂಟಕ್ಕೆ ಶಿವರಾತ್ರಿ, ಶುಕ್ರವಾರ. ಮಹಡಿಯವನು ಹಿಂದಿನ ದಿನವೇ ಊರಿಗೆ ಹೋಗಿದ್ದ, ನಮಗೆ ಹೇಳದೆ. ಆರೂವರೆಗೆ ಅಣ್ಣ ಆಟ ತೆರೆದು ಕಾದ. ನಾನೂ ಕಾದೆ. ಇಬ್ಬರೇ ಇದ್ದಾಗ ಏನು ಮಾತಾಡಬೇಕೆಂದು ನಮಗೆ ತಿಳಿಯಲಿಲ್ಲ. ಅಣ್ಣ ಗೋಡೆಯಾಚೆ ಕುರ್ಚಿ ಸರಿಸಿ ಎದ್ದುಹೋದ. ಏಳು, ಎಂಟು, ಒಂಬತ್ತು, ಆ ಮೂರು ದಿನದ ಲೆಕ್ಕ: ಸೊನ್ನೆ, ಸೊನ್ನೆ, ಸೊನ್ನೆ.

ಹತ್ತನೇ ತಾರೀಖು, ಭಾನುವಾರ, ನನಗೆ ಲ್ಯಾಬಿನಲ್ಲಿ ಡ್ಯೂಟಿ ಬಿತ್ತು. ಫೋನನ್ನು ಗೇಟಿನ ಲಾಕರಿನಲ್ಲಿ ಇಟ್ಟು ಒಳಗೆ ಹೋಗಬೇಕು. ಸಂಜೆ ಐದಕ್ಕೆ ಹೊರಗೆ ಬಂದು ಫೋನು ತೆಗೆದರೆ ಅಣ್ಣನ ಮೆಸೇಜು. ಎರಡು ತಿಂಗಳಲ್ಲಿ ಆಟದ ಹೊರಗೆ ಅವನು ನನಗೆ ಹೇಳಿದ ಮೊದಲ ಮಾತು. "೪೧ ಆತು. ಏನೂ ಬೀಳಲಿಲ್ಲ. ಬರಕೊ." ನಾನು ಷೇರ್ ಆಟೋದಲ್ಲಿ ಕೂತು ಅದನ್ನು ಎಷ್ಟು ಸಲ ಓದಿದೆನೋ, ಅದೊಂದರ ಲೆಕ್ಕ ಮಾತ್ರ ಇಟ್ಟಿಲ್ಲ. ಮನೆಗೆ ಬಂದವಳು ಮೊದಲು ಡೈರಿಯ ಹಿಂದಿನ ಪುಟ ತೆಗೆದೆ. "ಮಾ. ೧೦. ಮಾತು: ಐದು. ಆಟದ ಹೊರಗೆ." ಆಮೇಲೆ ಆಟದ ಪುಸ್ತಕ ತೆಗೆದೆ. ನಲವತ್ತು ಸಾಲಿಗೆ ಎರಡು ಪುಟ ಮುಗಿದಿದ್ದವು. ಮೂರನೇ ಪುಟಕ್ಕೆ ನಾನು ಮೂರು ದಿನ ಹಿಂದೆಯೇ ಗೆರೆ ಎಳೆದು, ನಲವತ್ತೊಂದರಿಂದ ಅರವತ್ತರವರೆಗೆ ಸಂಖ್ಯೆ ಹಾಕಿ, ಸರದಿ ಬರೆದು, ಹಾಜರಿನ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ "೩" ಎಂದು ಒಂದೇ ಕೈಯಲ್ಲಿ ತುಂಬಿಟ್ಟಿದ್ದೆ. ಯಾವಾಗಲೂ ಮೂರೇ ಇರುವಾಗ ದಿನಾ ಬರೆಯುವುದೇಕೆ? ತಾರೀಖು ಹಾಕಿ, ಕೊನೆಯ ಅಂಕಣದಲ್ಲಿ "ಇಲ್ಲ" ಎಂದು ಬರೆದೆ.

ಆ ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದೆ, ಮಹಡಿಯವನು ಊರಿನಲ್ಲಿದ್ದ. ಅಣ್ಣ ಯಾರೋ ಇಬ್ಬರು ಅಪರಿಚಿತರನ್ನು ಹಿಡಿದು ಎಮ್ಮೆ ಹೊಡೆದಿದ್ದ. ನಮ್ಮ ನಿಯಮದಂತೆ ಅದು ಪುಸ್ತಕಕ್ಕೆ ಬರಬಾರದು. ಇದೆಲ್ಲ ಆಗ ನನ್ನ ತಲೆಗೆ ಬರಲಿಲ್ಲ ಎಂದರೆ ನಂಬುವವರು ನಂಬಲಿ. ನನಗೆ ಕಂಡದ್ದು "ಬರಕೊ" ಎಂಬ ಒಂದು ಮಾತು. ನಮ್ಮ ಮನೆಯಲ್ಲಿ ಕ್ಯಾಲೆಂಡರಿಗೆ ಹೇಳುವ ಮಾತಲ್ಲ ಅದು. ನನಗೇ ಹೇಳಿದ್ದು.

ಹನ್ನೆರಡಕ್ಕೆ ಮಹಡಿಯವನು ಬಂದ. ಹಲಸಿನ ಹಪ್ಪಳದ ಕಟ್ಟು ತಂದುಕೊಟ್ಟ. ಸಂಜೆ ಎಮ್ಮೆ ಬಿದ್ದ ಮೇಲೆ, "ಇವತ್ತು ನನ್ನ ಸರದಿ ಅಲ್ಲವಾ?" ಅಂದ.

"ಪುಸ್ತಕದಾಗ ನಂದೈತ್ರಿ," ಅಂದೆ.

"ನಾನು ಊರಿಗೆ ಹೋಗುವ ಮೊದಲು ಅಣ್ಣನದ್ದು ಆಗಿತ್ತು. ಆಮೇಲೆ ನಾನಲ್ಲವಾ?"

"ಪುಸ್ತಕ ನಾ ಬರಿತೀನ್ರಿ, ನೀವಲ್ಲ."

ಆ ದಿನ ಏನೂ ಬಿದ್ದಿರಲಿಲ್ಲ. "ಆಯ್ತು ಮಾರಾಯ್ರೆ, ನಿಮ್ಮ ಪುಸ್ತಕ, ನಿಮ್ಮ ರಾಜ್ಯ," ಎಂದು ನಕ್ಕು ಬಿಟ್ಟ. ಅಣ್ಣ ಹೆಡ್‌ಸೆಟ್ಟಿನಲ್ಲಿ ಉಸಿರೆತ್ತಲಿಲ್ಲ. ಆ ಉಸಿರೆತ್ತದ್ದನ್ನು ನಾನು ಗಮನಿಸಬೇಕಿತ್ತು.

ಮಾರ್ಚ್ ಮೂವತ್ತೊಂದು, ಭಾನುವಾರ, ಸಂಜೆ ಏಳು ಹತ್ತು. ಅರವತ್ತನೇ ಸಾಲು. ಎಮ್ಮೆ ಮೊಣಕಾಲೂರಿ ಬಿತ್ತು. ಅದರ ಹೊಟ್ಟೆಯ ಕೆಳಗಿನಿಂದ ಹಳದಿ ಬೆಳಕಿನ ಕಂಬ ಎದ್ದಿತು. ಮೂರು ತಿಂಗಳಲ್ಲಿ ಮೊದಲ ಸಲ. ಗೋಡೆಯಾಚೆ ಅಣ್ಣ, "ಬಂತು ನೋಡ! ಬಂತು ನೋಡಲೇ!" ಎಂದು ಕೂಗಿದ, ಹೆಡ್‌ಸೆಟ್ಟಿನಲ್ಲಿ ಅದೇ ಮತ್ತೆ ಬಂತು. ಆಮೇಲೆ, "ತಂಗಿ, ಅದು ನಿಂದು. ಹೋಗು," ಅಂದ.

ತಂಗಿ. ಜನವರಿ ಏಳರ ನಂತರ ಆ ಪದ ಬಂದಿರಲಿಲ್ಲ. ನಾನು ಅದನ್ನು ಇನ್ನೊಂದು ಸಲ ಹೆಡ್‌ಸೆಟ್ಟಿನಿಂದ ಕೇಳಲು ಒಂದು ಕ್ಷಣ ನಿಂತೆ. ಅಷ್ಟರಲ್ಲಿ ಮಹಡಿಯವನು ಓಡಿಹೋಗಿ ಅದನ್ನು ಎತ್ತಿಕೊಂಡ.

"ಇಡ್ರಿ ಅದನ್ನ," ಅಂದೆ.

"ನನ್ನ ಸರದಿ," ಅಂದ, ತಣ್ಣಗೆ. "ನಿಮ್ಮ ಲೆಕ್ಕ ಒಂದು ಜಾಸ್ತಿ ಉಂಟು. ನಾನು ಆವತ್ತೇ ಹೇಳಿದೆ."

"ಅರವತ್ತು ಸಾಲೈತ್ರಿ ಇಲ್ಲೆ. ಬಂದು ಎಣಿಸ್ರಿ."

"ಸಾಲು ಎಣಿಸಿದರೆ ಎಂತ ಬಂತು?"

"ಕಳ್ಳ ಅಂತಾರ ಇದಕ್ಕ, ನಮ್ಮ ಕಡೆ."

ಅವನು ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡ ಸದ್ದಾಯಿತು. ಆಮೇಲೆ, "ಇನ್ನೊಂದು ಸಲ ಹೇಳಿ," ಅಂದ. ನಾನು ಇನ್ನೊಂದು ಸಲ ಹೇಳಿದೆ. ಅಣ್ಣನಿಗೆ, "ತೆಗಿ ಅವನ್ನ ನಮ್ಮ ಗುಂಪಿನಿಂದ," ಅಂದೆ. ಗುಂಪಿನ ನಾಯಕ ಅಣ್ಣನೇ. ಒಂದು ಬಟನ್ನು ಒತ್ತಿದರೆ ಸಾಕು. ಅಣ್ಣ ಒಂದು ಕ್ಷಣ ತಡೆದು, ಒತ್ತಿದ. ಮಹಡಿಯ ಮೇಲೆ ಕುರ್ಚಿ ದಡಕ್ಕನೆ ಹಿಂದೆ ಸರಿದದ್ದು ನಮ್ಮ ತಲೆಯ ಮೇಲೆ ಕೇಳಿಸಿತು. ಅರವತ್ತನೇ ಸಾಲಿನ ಕೊನೆಯ ಅಂಕಣದಲ್ಲಿ ನಾನು ಬರೆದೆ: "ಬಂಗಾರದ್ದು. ಕಳುವಾಯಿತು." ಅಕ್ಷರ ಹಿಂದಿನ ಹಾಳೆಗೆ ಒತ್ತಿ ಮೂಡಿದೆ.

ಮೂವರಿಲ್ಲದೆ ಎಮ್ಮೆಯ ಬಾಗಿಲು ತೆಗೆಯುವುದಿಲ್ಲ ಎಂಬುದನ್ನು ನಾನು ಆ ಸಿಟ್ಟಿನಲ್ಲಿ ಮರೆತಿದ್ದೆ.

ಮರುದಿನ ಆರೂವರೆಗೆ ಹೆಡ್‌ಸೆಟ್ ಹಾಕಿ ಕೂತೆ. ಗುಂಪಿನಲ್ಲಿ ನಾನೊಬ್ಬಳೇ. ಗೋಡೆಯಾಚೆ ಅಣ್ಣ ಹಿಂದಿಯಲ್ಲಿ ಮಾತಾಡುತ್ತಿದ್ದ. ನಾಗಪುರದ ಯಾರೋ ಇಬ್ಬರನ್ನು ಹಿಡಿದಿದ್ದ, ಅಲ್ಲಿಗೆ ಅವರೇ ಮೂವರಾಗಿದ್ದರು. "ಅರೇ ಭಾಯ್, ಪೀಛೆ ದೇಖ್," ಎಂದು ಅವರಿಗೆ ಹೇಳುತ್ತಿದ್ದ, ನಗುತ್ತಿದ್ದ. ಅವನ ಮಾತು ಈಗ ಒಂದೇ ಸಲ ಕೇಳುತ್ತಿತ್ತು, ಗೋಡೆಯಿಂದ ಮಾತ್ರ, ಅದೂ ನನಗೆ ಹೇಳಿದ್ದಲ್ಲ. ಏ. ೧: ಸೊನ್ನೆ. ಏ. ೨: ಸೊನ್ನೆ. ಯುಗಾದಿಯ ದಿನ ಬೇವು ಬೆಲ್ಲದ ಬಟ್ಟಲನ್ನು ಅವನ ಕಂಪ್ಯೂಟರಿನ ಪಕ್ಕ ಇಟ್ಟು ಬಂದೆ. ಸಂಜೆ ಬಟ್ಟಲು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು. ನಾನು ಮಹಡಿಯವನನ್ನು ಮನಸ್ಸಿನಲ್ಲೇ ಬೈದೆ. ಅವನ ಬೂಟಿನ ಸಪ್ಪಳವನ್ನು ಬೈದೆ. ಅವನು ಕೊಟ್ಟ ಹಪ್ಪಳವನ್ನು ಕರಿಯದೆ ಡಬ್ಬಿಯಲ್ಲೇ ಹುಳ ಹಿಡಿಯಲು ಬಿಟ್ಟೆ.

ಏಪ್ರಿಲ್ ಇಪ್ಪತ್ತು, ಶನಿವಾರ ಬೆಳಿಗ್ಗೆ ಮಹಡಿಯವನು ನಳದ ಹತ್ತಿರ ಎದುರಾದ. ಪೈಪು ಅವನ ಕೈಯಲ್ಲಿತ್ತು, ಸರದಿ ನಮ್ಮದು. ಕೊಟ್ಟು ಪಕ್ಕಕ್ಕೆ ನಿಂತ. ನಾನು ಸುಮ್ಮನಿರಬಹುದಿತ್ತು.

"ನೀರಿನ ಸರದಿ ಮಾತ್ರ ಚಂದ ಗೊತ್ತಾಗ್ತೈತಿ ನಿಮಗ," ಅಂದೆ.

"ನಿಮ್ಮ ಹತ್ತಿರ ಡೈರಿ ಉಂಟಲ್ಲ, ದಿನದ್ದು, ನೀವೇ ಹೇಳಿದ್ದು? ಅದನ್ನೂ ಆಟದ ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನೋಡಿದ ಮೇಲೆ ಬಂದು ಬೈಯಿರಿ," ಎಂದು ಮೆಟ್ಟಿಲು ಹತ್ತಿದ.

ಲ್ಯಾಬಿನಲ್ಲಿ ಇದನ್ನೇ ಮಾಡುತ್ತೇವೆ. ಒಂದು ಪುಸ್ತಕದ ಸುಳ್ಳು ಅದೇ ಪುಸ್ತಕದಲ್ಲಿ ಸಿಗುವುದಿಲ್ಲ, ಇನ್ನೊಂದು ಪುಸ್ತಕದ ಎದುರು ಇಟ್ಟರೆ ಸಿಗುತ್ತದೆ. ಮೂರು ವಾರದಲ್ಲಿ ನಾನು ಆಟದ ಪುಸ್ತಕದ ಸಾಲುಗಳನ್ನು ಆರು ಸಲ ಎಣಿಸಿದ್ದೆ, ಆರು ಸಲವೂ ಅರವತ್ತು ಬಂದಿತ್ತು. ಸಾಲು ಎಷ್ಟಿವೆ ಎಂದು ನೋಡಿದ್ದೆ, ಸಾಲು ನಿಜವೇ ಎಂದು ನೋಡಿರಲಿಲ್ಲ. ಭಾನುವಾರ ಬೆಳಿಗ್ಗೆ ಎರಡೂ ಪುಸ್ತಕ ಬಿಡಿಸಿ ಕೂತೆ. ಅವನ ಸುಳ್ಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಬೇಕೆಂಬ ಹುರುಪಿನಲ್ಲೇ ಕೂತೆ. ನಲವತ್ತು ಸಾಲು ಸರಿಹೊಂದಿದವು. ನಲವತ್ತೊಂದು: ಮಾರ್ಚ್ ೧೦, ಹಾಜರು ೩. ಡೈರಿ: "ಮಾ. ೧೦. ಡ್ಯೂಟಿ, ಬೆಳಿಗ್ಗೆ ಎಂಟರಿಂದ ಐದು." ಡೈರಿಯ ಮುಂದಿನ ಪುಟ: "ಮಾ. ೧೨. ಮಹಡಿಯವನು ಊರಿಂದ ಬಂದ. ಹಪ್ಪಳ." ಇಬ್ಬರೂ ಇರಲಿಲ್ಲ. ಆ ಪುಟದ ಹಾಜರಿನ ಅಂಕಣವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಾರೀಖು, ಕೊನೆಯ ಅಂಕಣ ದಿನಕ್ಕೊಂದು ಪೆನ್ನು, ದಿನಕ್ಕೊಂದು ಓರೆ. ಇಪ್ಪತ್ತೂ ಸಾಲಿನ ೩ ಮಾತ್ರ ಒಂದೇ ಕಪ್ಪು, ಒಂದೇ ಓರೆ. ಫ್ರಿಜ್ಜಿನ ನಾಲ್ಕು ಡಿಗ್ರಿಯ ಹಾಗೆ.

ಆ ಒಂದು ಸಾಲು ತೆಗೆದರೆ ಅರವತ್ತನೆಯದು ಐವತ್ತೊಂಬತ್ತು. ಐವತ್ತೊಂಬತ್ತು ಅವನ ಸರದಿ.

ಮೂರು ದಿನ ನಾನು ಏನೂ ಮಾಡಲಿಲ್ಲ. ಹಾಳೆ ಹರಿಯಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಆ ಹಿರಿಯಕ್ಕನ ಬೆನ್ನು ನೋಡುತ್ತ ಊಟ ಮಾಡಿದೆ. ಗುರುವಾರ ಸಂಜೆ ಕೆಲಸದಿಂದ ಬಂದು, ನಲವತ್ತೊಂದನೇ ಸಾಲಿನ ಮೇಲೆ ಸ್ಕೇಲು ಇಟ್ಟು ಒಂದೇ ಗೆರೆ ಎಳೆದೆ. ಸಹಿ. ಏ. ೨೫. ಕಾರಣ: "ಕಾಣದೆ ಬರೆದದ್ದು." ಪುಸ್ತಕ ಹಿಡಿದು ಮೆಟ್ಟಿಲು ಹತ್ತಿದೆ.

ಅವನು ಬಾಗಿಲಲ್ಲೇ ನಿಂತು ಓದಿದ. ಒಳಗೆ ಕರೆಯಲಿಲ್ಲ.

"ಬಂದೂಕು ನಿಮ್ದೇರಿ," ಅಂದೆ. "ನನ್ನ ಲೆಕ್ಕ ತಪ್ಪಿತ್ತು."

"ಅದು ಇಲ್ಲ. ಆವತ್ತೇ ಒಡೆದು ಹಾಕಿದೆ. ಹದಿನೆಂಟು ತುಂಡು ಕಬ್ಬಿಣ ಸಿಕ್ಕಿತು."

"ಒಡದ್ರಿ?"

"ಕಳ್ಳನ ಮಾಲು ಯಾರು ಇಟ್ಟುಕೊಳ್ತಾರೆ ಮಾರಾಯ್ರೆ?" ಪುಟದ ಕೊನೆಯ ಸಾಲಿಗೆ ಬೆರಳಿಟ್ಟ. "ಇಲ್ಲಿ ಕಳುವಾಯಿತು ಅಂತ ಉಂಟು. ಮೇಲಿನದಕ್ಕೆ ಗೆರೆ ಎಳೆದಿರಿ. ಇದಕ್ಕೆ ಯಾರು ಎಳೆಯುವುದು?"

ಪೆನ್ನು ಕೆಳಗೆ ಬಿಟ್ಟು ಬಂದಿದ್ದೆ. ಅವನದೇ ಪೆನ್ನು ಕೇಳಿ, ಅವನ ಹೊಸ್ತಿಲ ಮೇಲೆ ಪುಸ್ತಕ ಇಟ್ಟು, ಬಗ್ಗಿ ಗೆರೆ ಎಳೆದೆ. ಸಹಿ ಹಾಕಿದೆ. ಕಾರಣ ಏನು ಬರೆಯಬೇಕೆಂದು ತೋಚಲಿಲ್ಲ. ಅವನು ಕಾಯುತ್ತ ನಿಂತಿದ್ದ. "ಸುಳ್ಳು ಆಪಾದನೆ" ಎಂದು ಬರೆದೆ. ಅವನು ತಲೆಯಾಡಿಸಿ ಪೆನ್ನು ತೆಗೆದುಕೊಂಡ. "ಆಟಕ್ಕೆ ಬರ್ತೀರೇನ್ರಿ?" ಎಂದು ಕೇಳಿದೆ. "ಇಲ್ಲ," ಅಂದ, ಬಾಗಿಲು ಹಾಕಿಕೊಂಡ. ನನಗೆ ಅವನು ಆಗಲೂ ಸೇರಲಿಲ್ಲ. ಸರಿ ಇದ್ದವನು ಸೇರಲೇಬೇಕೆಂದೇನೂ ಇಲ್ಲ.

ಕೆಳಗೆ ಅಣ್ಣ ಕುಕ್ಕರಿಗೆ ಬೇಳೆ ಹಾಕುತ್ತಿದ್ದ. ಪುಸ್ತಕವನ್ನು ಕಟ್ಟೆಯ ಮೇಲೆ, ಅವನ ಕೈಗೆ ತಾಗುವಂತೆ ಇಟ್ಟೆ. ಅವನು ಓದಿದ. ಮುಚ್ಚಳ ಹಾಕಿದ. ಮತ್ತೆ ಓದಿದ.

ನಾನೇ ಬಾಯಿ ತೆಗೆದೆ. "ಆ ದಿನಾ ಯಾರ ಜೋಡಿ ಹೊಡದಿ?"

ಅವನು ಕ್ಯಾಲೆಂಡರಿನ ಕಡೆ ನೋಡಿದ.

"ಕ್ಯಾಲೆಂಡರ್ ನೋಡಬ್ಯಾಡ. ನಾ ಇಲ್ಲೆ ನಿಂತೀನಿ. ನಾ ಇರಲಿಲ್ಲ, ಅವನೂ ಇರಲಿಲ್ಲ. ಬರಕೊ ಅಂತ ಯಾಕ ಹೇಳಿದಿ?"

"ಹೇಳದ ಊರಿಗೆ ಹೋದ್ರ ಸರದಿ ಹೋಗ್ತೈತಿ," ಅಂದ. ಮೂರೂವರೆ ತಿಂಗಳ ನಂತರ ನನ್ನ ಮುಖ ನೋಡಿ ಆಡಿದ ಮೊದಲ ಮಾತು. "ನಳದ ನೀರಿಗೆ ಹಂಗ ಅಲ್ಲೇನು? ಅವನ ಸರದಿ ಒಂದು ಹೋಗಲಿ ಅಂತ ಹೊಡದೆ. ತಪ್ಪೇನೈತಿ?"

"ಇದು ನಳ ಅಲ್ಲ. ಮೂರೂ ಮಂದಿ ಇರಬೇಕು ಅಂತ ನೀನೇ ಒಪ್ಪಿದ್ದಿ."

"ಮತ್ತ ನೀ ಯಾಕ ಬರದಿ? ನಾ ಹೇಳಿದ್ರ ಬರದಬಿಡತೀ? ಜನವರಿದಾಗ ನಾ ಹೇಳಿದ್ದ ಕೇಳಿದಿ ಏನು? ಬಂದ ಮಂದಿ ಮುಂದ ನನ್ನ ಮಾನಾ ತಗದಿ. ಎಮ್ಮಿ ಲೆಕ್ಕ ಮಾತ್ರ ನಾ ಹೇಳಿದಂಗ ಬರೀತಿ!"

"ನನ್ನ ಕೇಳದ ಮಂದಿನ್ನ ಕರದವ ನೀನು!"

"ಕೇಳಿದ್ರ ಹೂಂ ಅಂತಿದ್ದಿ ಏನು?"

"ಇಲ್ಲ!"

"ಅದಕ್ಕ ಕೇಳಲಿಲ್ಲ!"

ಕುಕ್ಕರು ಕೂಗಿತು. ಇಬ್ಬರೂ ಒಲೆ ಕಡೆ ಹೋಗಲಿಲ್ಲ. ಅವನು ಸೂಪರ್‌ವೈಸರ್ ಆಮೇಲೆ ತನ್ನನ್ನು ಸೇಡಿಗೆ ಯಾವ ಮಷೀನಿಗೆ ಹಾಕಿದ ಎಂದು ಹೇಳಿದ, ಅದು ನನಗೆ ಗೊತ್ತಿರಲಿಲ್ಲ. ನಾನು ಅಪ್ಪನ ಸೈಕಲ್ಲಿನ ಮಾತು ತೆಗೆದೆ, ಅದನ್ನು ತೆಗೆಯಬಾರದಿತ್ತು. ಅವನ ಮುಖ ಕಪ್ಪಿಟ್ಟಿತು. ಮೂರನೇ ಸೀಟಿಗೆ ಮಾಲಕಿ ಕಿಟಕಿಯಿಂದ, "ಏಮಯಿಂದಿ ಅಮ್ಮಾ?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದಳು. ಬೇಳೆ ತಳ ಹಿಡಿದ ವಾಸನೆ ಬಂತು.

"ನಿನ್ನ ಪುಸ್ತಕ ಒಲಿಗೆ ಹಾಕು," ಎಂದು ಅಣ್ಣ ಕೂಗಿದ. "ಬರೀ ಬರಿಯೂದು, ಬರೀ ಎಣಸೂದು! ಮಾತಾಡಾಕ ಬರೂದಿಲ್ಲ ನಿನಗ!"

ಆ ಮಾತು ನನಗೆ ಒಂದೇ ಸಲ ಕೇಳಿಸಿತು.

"ನಿನಗ ಬರ್ತೈತೇನು?" ಅಂದೆ, ಅವನಿಗಿಂತ ಜೋರಾಗಿ. ಅವನು ಗ್ಯಾಸು ಆರಿಸಿ, ತಳ ಹಿಡಿದ ಕುಕ್ಕರನ್ನು ನನ್ನ ಮುಂದೆ ಎತ್ತಿಟ್ಟು, "ತಿಕ್ಕು," ಅಂದ. "ನೀ ತಿಕ್ಕು," ಅಂದೆ. ಆ ಸಂಜೆಯ ಮಾತು ಎಷ್ಟಾದವೋ, ನಾನು ಬರೆದಿಟ್ಟಿಲ್ಲ.